ಕಾಜಾಳ ಕನ್ನಡಿ

ನನ್ನ ಅಕ್ಕನ ಮಗಳನ್ನ ಊರೆಲ್ಲ ಕಾಜಾ ಅಂತಲೇ ಕರೆಯೋದು. ಶಾಲೆ ಮುಗಿಸಿ ನನ್ನ ಹೊಲಿಗೆ ಅಂಗಡಿಗೆ ಬಂದಾಗ ಅವಳಿಗೆ ಸಿಕ್ಕ ಮೊದಲ ಕೆಲಸ ಅಂಗಿಗಳಿಗೆ ಗುಂಡಿ ತೂರಿಸೋ ಕಾಜಾ ಹೊಲಿಯೋದು. ಸೂಜಿ ಹಿಡಿಯೋಕೂ ಬರ್ತಿರಲಿಲ್ಲ, ಬಾಯಿ ಮಾತ್ರ ಕತ್ತರಿಗಿಂತ ಚೂಪು. ನಾನು ರೇಗಿದ್ರೆ, "ಹುಟ್ಟಿದ್ದು ಅಮ್ಮನ ಹೊಟ್ಟೇಲಿ, ಬಂದಿದ್ದು ಚಿಕ್ಕಮ್ಮನ ನಾಲಿಗೆ" ಅಂತಿದ್ಳು. ಅದು ನಿಜಾನೇ ಬಿಡಿ.

ಬರ್ತಾ ಬರ್ತಾ ಫಿಟ್ಟಿಂಗ್ ನೋಡೋ ಕೆಲಸ ಪೂರಾ ಅವಳದ್ದೇ ಆಯ್ತು. ಬಾಗಿಲ ಪಕ್ಕ ಆಳೆತ್ತರದ ಕನ್ನಡಿ ಇದೆ. ಹೊಸ ಬಟ್ಟೆ ತೊಟ್ಟು ನಾಚಿಕೊಂಡು ನಿಂತವರ ಬೆನ್ನಿಗೊಂದು ತಟ್ಟಿ, "ತಲೆ ಎತ್ತಿ ನಿಂತ್ಕೊಳ್ಳಿ ಅಕ್ಕಾ, ಬಗ್ಗಿದ್ರೆ ಅಳತೆ ತಪ್ಪುತ್ತೆ" ಅಂತಿದ್ಳು. ಎಂಥ ದಿಮಾಕಿನ ಹೆಂಗಸರೂ ಅವಳ ಮಾತಿಗೆ ನೆಟ್ಟಗಾಗ್ತಿದ್ರು.

ಅಂಥವಳ ಬೆನ್ನು ಬಿದ್ದ ಒಬ್ಬ ಪಾಪಿ. ಮದುವೆಯಾಗು ಅಂದ, ಇವಳು ಒಲ್ಲೆ ಅಂದ್ಳು. ಅಷ್ಟಕ್ಕೇ ಹಾಡಹಗಲು, ಬೇಕರಿ ಮುಂದೆ, ಬ್ಲೇಡಿನಲ್ಲಿ ಅವಳ ಮುಖ ಕೊಯ್ದ. ಕಿವಿಯಿಂದ ಗದ್ದದವರೆಗೆ. ಅವನ ಕೈ ಸೇದ್ಹೋಗ! ಜೈಲು ಸೇರಿದ, ಸರಿ. ಊರಿನ ಬಾಯಿಗೆ ಯಾವ ಜೈಲು? "ಸುಮ್ನೆ ಹ್ಞೂಂ ಅಂದಿದ್ರೆ ಮುಖ ಉಳೀತಿತ್ತು" ಅಂತ ಬೇಕರಿಯವನ ಹೆಂಡತಿ ನನ್ನೆದುರೇ ಅಂದ್ಳು. ಅರ್ಧ ಹೊಲಿದ ಅವಳ ಲಂಗ ಅವಳ ಕೈಗೇ ತುರುಕಿ ಮೆಟ್ಟಿಲು ಇಳಿಸಿದೆ.

ನಮ್ಮ ಬೀದಿ ಹುಡುಗೀರು ಒಬ್ಬೊಬ್ಬರೇ ಓಡಾಡೋದು ಬಿಟ್ರು. ಕಾಜಾ ಹೊಸ್ತಿಲೇ ದಾಟಲಿಲ್ಲ. ಆ ಬಾಯಾಳಿ ಮಾತೇ ನಿಲ್ಲಿಸಿಬಿಟ್ಟಳು. "ಅವಳು ಮತ್ತೆ ಮೆಷಿನ್ ಮುಂದೆ ಕೂರದಿದ್ರೆ ನನ್ನ ಮಗಳು ನನಗೆ ದಕ್ಕಲ್ಲ ಕಣೇ" ಅಂತ ಅಕ್ಕ ಅತ್ತಳು. ನನಗೂ ಅದೇ ಭಯ. ಅವಳ ಮೆಷಿನ್ ಮುಂದೆ ಬೇರೆ ಯಾರನ್ನೂ ಕೂರಿಸದೆ, ದಿನಾ ಎಣ್ಣೆ ಬಿಟ್ಟು ಒರೆಸಿಡ್ತಿದ್ದೆ.

ಕೊನೆಗೊಂದು ದಿನ ಫೋನ್ ಬಂತು. "ನಾಳೆ ಬರ್ತೀನಿ ಚಿಕ್ಕಮ್ಮ."

ಖುಷಿಗೆ ನನ್ನ ಬುದ್ಧಿ ಮಣ್ಣು ತಿಂತು ನೋಡಿ. ಅವಳ ಮುಖ ಅವಳ ಕಣ್ಣಿಗೇ ಬೀಳೋದು ಬೇಡ ಅಂತ, ಅಂಗಡೀಲಿ ಹೊಲಿಯೋ ಹೆಂಗಸರೆಲ್ಲ ಸೇರಿ ಆ ಕನ್ನಡಿ ಇಳಿಸಿ, ಹಳೇ ಬೆಡ್‌ಶೀಟ್ ಸುತ್ತಿ, ಬಟ್ಟೆ ಮೂಟೆಗಳ ಹಿಂದೆ ಬಚ್ಚಿಟ್ವಿ.

ಬೆಳಿಗ್ಗೆ ಮುಖಕ್ಕೆ ದುಪ್ಪಟ್ಟಾ ಸುತ್ಕೊಂಡು ಬಂದ್ಳು. ಒಳಗೆ ಕಾಲಿಟ್ಟವಳೇ ಖಾಲಿ ಗೋಡೆ ನೋಡಿದ್ಳು.

"ಕನ್ನಡಿ ಎಲ್ಲಿ?"

"ಒಡೆದ್ಹೋಯ್ತು ಕಣೇ," ಅಂದೆ.

"ಒಡೆದ್ರೆ ಮೊಳೆ ಯಾಕೆ ಕಿತ್ತಿದ್ದೀರಿ?"

ನೆಟ್ಟಗೆ ಒಂದು ಸುಳ್ಳು ಹೇಳೋಕೂ ಬರಲ್ಲ ನನಗೆ. ಅವಳೇ ಹುಡುಕಿ, ಮೂಟೆ ಸರಿಸಿ, ಕನ್ನಡಿ ಎಳೆದು ತಂದ್ಳು. ಕಣ್ಣು ತುಂಬಿತ್ತು, ದನಿ ಮಾತ್ರ ಹಳೇ ಕಾಜಾಳದ್ದೇ. "ಚಿಕ್ಕಮ್ಮ, ತಪ್ಪು ಮಾಡಿದವನು ಜೈಲಲ್ಲಿದ್ದಾನೆ. ನಾನೂ ಈ ಕನ್ನಡೀನೂ ಏನು ಮಾಡಿದ್ವಿ ಅಂತ ಬಚ್ಚಿಟ್ಕೊಂಡು ಕೂರಬೇಕು?"

ನಾಚಿಕೆಯಿಂದ ಸತ್ತೇ ಹೋದೆ. ಅವಳೇ ಮೊಳೆ ಹೊಡೆದು ಕನ್ನಡಿ ತೂಗುಹಾಕಿದ್ಳು. ಮುಖದ ದುಪ್ಪಟ್ಟಾ ಬಿಚ್ಚಿ, ಅದರಲ್ಲೇ ಕನ್ನಡಿ ಧೂಳು ಒರೆಸಿದ್ಳು. ಗಾಯದ ಗೆರೆ ಇನ್ನೂ ಕೆಂಪಗಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ, "ಡಾಕ್ಟರ ಹೊಲಿಗೆ ಪರವಾಗಿಲ್ಲ. ನೀವು ಹಾಕಿದ್ರೆ ಎರಡು ಸಲ ಬಿಚ್ಚಬೇಕಾಗ್ತಿತ್ತು," ಅಂದ್ಳು. ಅಯ್ಯೋ, ಅಳಬೇಕೋ ನಗಬೇಕೋ ತಿಳೀಲಿಲ್ಲ ನಮಗೆ.

ಮಧ್ಯಾಹ್ನ ಬೇಕರಿಯವನ ಹೆಂಡತಿ ಅದೇ ಅರ್ಧ ಲಂಗ ಹಿಡ್ಕೊಂಡು ಬಂದ್ಳು. ಬೇರೆ ಎಲ್ಲೂ ಸರಿಹೋಗಲಿಲ್ಲವಂತೆ. ನಾನು ಬಾಯಿ ತೆರೆಯೋಷ್ಟರಲ್ಲಿ ಕಾಜಾ ಅವಳನ್ನ ಕನ್ನಡಿ ಮುಂದೆ ನಿಲ್ಲಿಸಿ ಸೊಂಟಕ್ಕೆ ಪಿನ್ನು ಚುಚ್ಚತೊಡಗಿದ್ಳು. ಕನ್ನಡೀಲಿ ಆ ಗೆರೆ ಕಂಡದ್ದೇ ಆ ಹೆಂಗಸು ತಲೆ ತಗ್ಗಿಸಿಬಿಟ್ಳು.

ನಮ್ಮ ಹುಡುಗಿ ಅವಳ ಬೆನ್ನಿಗೊಂದು ತಟ್ಟಿದ್ಳು.

"ತಲೆ ಎತ್ತಿ ನಿಂತ್ಕೊಳ್ಳಿ ಅಕ್ಕಾ, ಬಗ್ಗಿದ್ರೆ ಅಳತೆ ತಪ್ಪುತ್ತೆ."