ಸವೆದ ರಿಂಗಿನ ಎಂಟು

ತಕ್ಕಡಿ ರಿಪೇರಿಯವನಿಗೆ ಮೀನು ಮಾರುಕಟ್ಟೆಯಲ್ಲಿ ಗೆಳೆಯರು ಕಡಿಮೆ. ಮುಳ್ಳು ಕೂದಲೆಳೆಯಷ್ಟು ವಾಲಿದರೂ ಬಿಡುವ ಆಸಾಮಿಯಲ್ಲ ಆತ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಡಿ" ಎಂದವರಿಗೆ ತಕ್ಕಡಿಯನ್ನೇ ವಾಪಸ್ ಕೊಟ್ಟು ಕಳಿಸುತ್ತಿದ್ದ. ಇಂಥವನ ಜೊತೆ ಸಂಸಾರ ಮಾಡುವ ಪುಣ್ಯಾತ್ಗಿತ್ತಿಗೆ ಕೈಮುಗಿಯಬೇಕು ಎಂದು ಬೀದಿಯವರು ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು.

ಗಂಡಹೆಂಡಿರಿಬ್ಬರಿಗೂ ಇದ್ದದ್ದು ಒಂದೇ ಹುಚ್ಚು. ಚಳಿಗಾಲದಲ್ಲಿ ದೂರದೇಶದಿಂದ ಬಂದು ಹರಾಜು ಕಟ್ಟೆಯ ತಗಡಿನ ಮಾಡಿನ ಮೇಲೆ ಕೂರುವ ಕಡಲಕ್ಕಿಗಳಲ್ಲಿ, ಯಾರೋ ಕಾಲಿಗೆ ನಂಬರಿನ ರಿಂಗು ತೊಡಿಸಿ ಬಿಟ್ಟವನ್ನು ಹುಡುಕುವುದು. ಅದಕ್ಕೂ ಆತನದೊಂದು ಕಟ್ಟಳೆ. ಒಬ್ಬರು ದುರ್ಬೀನಿನಲ್ಲಿ ಓದಿ ಬಾಯಿ ಮುಚ್ಚಿಕೊಂಡಿರಬೇಕು; ಇನ್ನೊಬ್ಬರೂ ಓದಿದ ಮೇಲೆ ಇಬ್ಬರೂ ಒಟ್ಟಿಗೆ ಹೇಳಬೇಕು. ತಾಳೆಯಾಗದಿದ್ದರೆ ಆ ಹಕ್ಕಿ ಲೆಕ್ಕಕ್ಕಿಲ್ಲ. ಕಣ್ಣಿಗಿಂತ ಮೊದಲು ಮನಸ್ಸು ಓದಿಬಿಡುತ್ತದೆ ಎನ್ನುತ್ತಿದ್ದ.

ಮುನ್ನೂರ ಎಂಬತ್ತೇಳು ನಂಬರಿನದು ಹೆಂಡತಿಯ ಹಕ್ಕಿ. ಮೊದಲು ಕಂಡವಳು ಅವಳೇ. "ನಮ್ಮ ತವರಿನೋರಿಗಿಂತ ಇದೇ ವಾಸಿ, ಕರೀದಿದ್ರೂ ವರ್ಷ ವರ್ಷ ಬರತ್ತೆ" ಎಂದು ತಂಗಿಯನ್ನು ಛೇಡಿಸುತ್ತಿದ್ದಳು. ಈ ಮಳೆಗಾಲದಲ್ಲಿ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಆತ ಒಂದು ಹನಿ ಕಣ್ಣೀರು ಹಾಕಲಿಲ್ಲ. ಆ ಹಕ್ಕಿ ಬಂದರೆ ಅವಳದೊಂದು ಜೀವವಾದರೂ ಉಳಿದಂತಾಯಿತಲ್ಲ ಎಂದು ಚಳಿಗಾಲಕ್ಕಾಗಿ ಜೀವ ಹಿಡಿದುಕೊಂಡಿದ್ದ.

ಹಕ್ಕಿಗಳು ಬಂದವು. ಇನ್ನೊಂದು ಜೋಡಿ ಕಣ್ಣು ಬೇಕಲ್ಲ, ಹೆಂಡತಿಯ ಟೈಲರ್ ತಂಗಿಯನ್ನು ಕರೆದೊಯ್ದ. ತಗಡಿನ ಅಂಚಿನಲ್ಲಿ ಒಂದು ಕಡಲಕ್ಕಿ, ಕಾಲಲ್ಲಿ ಸವೆದ ರಿಂಗು. ಆತ ಮೊದಲು ಓದಿದ. ತುಟಿ ಬಿಗಿಹಿಡಿದು ದುರ್ಬೀನು ಕೊಟ್ಟ. ಆಕೆ ನೋಡಿಯೇ ನೋಡಿದಳು, ಕಣ್ಣೊರೆಸಿಕೊಂಡು ಮತ್ತೆ ನೋಡಿದಳು.

"ಹೂಂ, ಈಗ ಹೇಳೋಣ" ಎಂದ.

"ಮುನ್ನೂರ ಎಂಬತ್ತೇಳು" ಎಂದದ್ದು ಆತನೊಬ್ಬನೇ. ಆಕೆಯ ಬಾಯಲ್ಲಿ ಬಂದದ್ದು ಮುನ್ನೂರ ಮೂವತ್ತೇಳು.

"ಸರಿಯಾಗಿ ನೋಡೇ! ನಡುವಿಂದು ಎಂಟು, ಸವೆದಿದೆ ಅಷ್ಟೇ" ಎಂದು ರೇಗಿ ದುರ್ಬೀನು ಕಿತ್ತುಕೊಂಡ.

ಅಷ್ಟರಲ್ಲಿ ಹಕ್ಕಿ ಬಿಸಿಲಿಗೆ ತಿರುಗಿತು. ನಡುವಿನದು ಮೂರೇ. ಪಕ್ಕದ ಮೂರಿಗೂ ಅದಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

"ಅಕ್ಕನ ನಂಬರು ನಂಗೆ ಗೊತ್ತಿಲ್ವಾ ಭಾವ? ಎಂಟು ಅಂದ್ಬಿಡೋಣ ಅಂತ ನಾಲಿಗೆ ತುದಿಗೆ ಬಂದಿತ್ತು" ಎಂದಳು ಆಕೆ. "ನೀವು ಸುಳ್ಳು ಸಹಿಸಲ್ವಲ್ಲ, ಅದಕ್ಕೆ..."

ಆತ ಮೀನಿನ ಬುಟ್ಟಿಗಳ ಪಕ್ಕದಲ್ಲೇ ಕುಸಿದು ಕೂತ.

"ಅಂದ್ಬಿಡಬಾರ್ದಿತ್ತೇನೇ?" ಎಂದ. ಮಾತಿನ ಜೊತೆಗೇ ಅಳು ಒತ್ತರಿಸಿ ಬಂತು. "ಒಂದೇ ಒಂದ್ಸಲ, ಅಂದ್ಬಿಡಬಾರ್ದಿತ್ತಾ?"