ವಸಂತಕ್ಕನಿಗೆ ನಾವೆಲ್ಲ ಕೇಳಿದ ಪ್ರಶ್ನೆ

ಕೊಲ್ಲಿ ದೇಶದ ಉಮ್ ಅಲ್ ಹಸ್ಸಮ್ ಬಡಾವಣೆಯ ನಮ್ಮ ಮನೆಯ ಕೆಳಗೊಂದು ಹುಕ್ಕಾ ಸೇದುವ ಶೀಶಾ ಅಂಗಡಿಯಿದೆ. ಸಂಜೆ ಕಿಟಕಿ ತೆರೆದರೆ ಸೇಬಿನ ಪರಿಮಳದ ಹೊಗೆ, ಬಾಡಿಗೆಯಲ್ಲಿ ತನಗೂ ಪಾಲಿದೆಯೆಂಬಂತೆ, ನೇರ ಒಳಗೆ ಬರುತ್ತದೆ. ನಿನ್ನೆ ಆ ಹೊಗೆಗೆ ನನ್ನ ಕೆಮ್ಮು ಜೋರಾಯಿತು, ಕೆಮ್ಮಿನ ಜೊತೆ ವಸಂತಕ್ಕನ ಕಥೆಯೂ ನೆನಪಾಯಿತು. ಕೇಳಿ.

ಎದುರು ಫ್ಲ್ಯಾಟಿನ ವಸಂತಕ್ಕ ಉಡುಪಿಯವರು. ಸಿಗರೇಟಿರಲಿ, ಊದಿನಕಡ್ಡಿಯ ಹೊಗೆಯೂ ಆಗದು. ಬಾಲ್ಕನಿಯಲ್ಲಿ ಹೆಂಡತಿಗೆ ಗೊತ್ತಾಗದಂತೆ ಸೇದುತ್ತಿದ್ದವನು ನಾನು. ಅವಳಿಗೆ ಗೊತ್ತಿಲ್ಲವೆಂದು ನಂಬಿದ್ದವನೂ ನಾನೊಬ್ಬನೇ.

ಎರಡು ವರ್ಷದ ಹಿಂದೆ ವಸಂತಕ್ಕನಿಗೆ ಕೆಮ್ಮು ಹಿಡಿದು, ಬಿಡಲೇ ಇಲ್ಲ. ದಾವಣಗೆರೆಯ ಪಂಡಿತನಾದ ನಾನು, “ಎಲ್ಲಾ ಎಸಿ ಧೂಳು ಅಕ್ಕಾ” ಎಂದು ಎರಡು ತಿಂಗಳು ಮೆಣಸಿನ ಕಷಾಯ ಕುಡಿಸಿದೆ. ಮೆಟ್ಟಿಲೇರುವಾಗ ಉಸಿರು ಸಿಕ್ಕಿಕೊಂಡ ದಿನ ಅವರು ಆಸ್ಪತ್ರೆಗೆ ಹೋದರು. ಶ್ವಾಸಕೋಶದ ಕ್ಯಾನ್ಸರ್.

ನೋಡಲು ಬಂದವರೆಲ್ಲ ಹಣ್ಣಿನ ಚೀಲ ಕೆಳಗಿಡುವ ಮೊದಲೇ ಒಂದೇ ಪ್ರಶ್ನೆ ಕೇಳಿದರು. ನಾಚಿಕೆ ಬಿಟ್ಟು ನಾನೂ ಕೇಳಿದೆ: “ಅಕ್ಕಾ, ನೀವು ಯಾವಾಗಾದ್ರೂ ಸಿಗರೇಟು...?”

“ಹೌದು ಮಾರಾಯ್ರೆ, ದಿನಕ್ಕೆ ಎರಡು ಪ್ಯಾಕು! ನಿಮ್ಮ ಬಾಲ್ಕನಿಯಿಂದ್ಲೇ ಬರ್ತಿತ್ತಲ್ಲ?”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆಮೇಲೆ ಅವರು ಮೆಲ್ಲಗೆ, “ಸೇದಿದ್ರೆ ಎಂತ? ಸೇದಿದವ್ರಿಗೆ ಬಂದ್ರೆ ನೋವಾಗುದಿಲ್ವಾ?” ಎಂದರು.

ನನ್ನ ಹೊಗೆಗೂ ಅವರ ರೋಗಕ್ಕೂ ಸಂಬಂಧವಿತ್ತೋ ಇಲ್ಲವೋ, ಯಾವ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಅಂದೇ ಸಿಗರೇಟು ಬಿಟ್ಟೆ. ಕೀಮೋಗೆ ಅವರನ್ನು ಕರೆದೊಯ್ಯುವ ಕೆಲಸ ಹಿಡಿದೆ. ದಾರಿಯುದ್ದಕ್ಕೂ ಬೈಗುಳ: “ಕ್ಯಾನ್ಸರಿಂದ ಉಳಿದ್ರೂ ನಿಮ್ಮ ಡ್ರೈವಿಂಗಿಂದ ಉಳಿಯುದು ಕಷ್ಟ ಉಂಟು!” ವಾಪಸು ಬರುವಾಗ ಮಾತ್ರ ಕಣ್ಣು ಮುಚ್ಚಿ ಸುಮ್ಮನಿರುತ್ತಿದ್ದರು. ಆಗ ಆ ಬೈಗುಳಕ್ಕಾಗಿ ನಾನು ಹಂಬಲಿಸುತ್ತಿದ್ದೆ.

ಉಳಿದರು. ಮಾತ್ರೆ, ಸ್ಕ್ಯಾನು ಇನ್ನೂ ಇವೆ. ಈಗ ಕನ್ನಡದವರ ಕೂಟದಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಪಕ್ಕಕ್ಕೆ ಬಂದು ಕೂರುತ್ತಾರೆ. “ಎಷ್ಟು ದಿನ ಆಯ್ತು? ಮೂರು ವಾರ ದಾಟಿದ್ರೆ ತೋರಿಸ್ಲಿಕ್ಕೆ ಹೋಗಿ.”

ನನ್ನ ಕೆಮ್ಮಿಗೆ ಒಂದು ತಿಂಗಳಾಗಿದೆ. ಇಂದು ಬೆಳಿಗ್ಗೆ ಅಂಜುತ್ತ ಅವರ ಬಾಗಿಲು ತಟ್ಟಿ ಹೇಳಿದೆ. ಅವರು ಏನೂ ಕೇಳದೆ ಚಪ್ಪಲಿ ಮೆಟ್ಟಿದರು. “ನಡೀರಿ.”

ಕ್ಲಿನಿಕ್ಕಿನಲ್ಲಿ ನರ್ಸ್, ಸಿಗರೇಟು ಎಷ್ಟು ವರ್ಷ ಸೇದಿದ್ದೀರಿ ಎಂದು ಕೇಳಿದಳು. ಬಿಟ್ಟ ಮೇಲೆ ಹೆಂಡತಿಯ ಬಳಿ ಐದು ವರ್ಷ ಅಂದಿದ್ದೆ. ಮೊದಲ ಬಾರಿಗೆ ಗಟ್ಟಿಯಾಗಿ, “ಇಪ್ಪತ್ತೆರಡು” ಎಂದೆ.

ಪಕ್ಕದಲ್ಲೇ ಕೂತಿದ್ದ ವಸಂತಕ್ಕ ಗೋಡೆಯ ಟಿವಿಯಲ್ಲಿ ಬರುತ್ತಿದ್ದ ಅರಬ್ಬಿ ವಾರ್ತೆಯನ್ನು, ಎಲ್ಲ ಅರ್ಥವಾಗುವವರಂತೆ, ಬಹಳ ಗಮನವಿಟ್ಟು ನೋಡತೊಡಗಿದರು.