ವಿಭೂತಿ ಹಚ್ಚಿದ ಡ್ರೈವರ್

ಅಮೆರಿಕದ ಕೊಲಂಬಿಯಾ ಊರಿನ ವೀರಣ್ಣನವರ ಎತ್ತರ ಐದಡಿ ಮೂರಂಗುಲ. ಲೈಸೆನ್ಸಿನಲ್ಲಿ ಮಾತ್ರ ಐದಡಿ ಐದು ಎಂದಿದೆ. ಲೈಸೆನ್ಸ್ ಮಾಡಿಸಿದ ದಿನ ಕೌಂಟರಿನ ಮುಂದೆ ಅವರು ಉಸಿರು ಎಳೆದುಕೊಂಡು ನಿಂತಿದ್ದರು, ಮೇರಿಲ್ಯಾಂಡ್ ಸರ್ಕಾರ ಆ ಉಸಿರನ್ನೂ ಅಳತೆಗೆ ಸೇರಿಸಿಕೊಂಡಿತು. ಅವರ ಗೆಳೆಯ ಮೈಸೂರಿನ ತ್ಯಾಗರಾಜರು ಆರಡಿಯ ಮೇಲೆ ಇನ್ನೆರಡು ಅಂಗುಲ. ಇಬ್ಬರೂ ಕೆರೆಯ ಸುತ್ತ ಜೊತೆಯಾಗಿ ನಡೆದರೆ, ತೆಂಗಿನ ಮರವೊಂದು ನಡುಮಧ್ಯಾಹ್ನ ತನ್ನ ನೆರಳನ್ನು ವಾಕಿಂಗಿಗೆ ಕರೆದುಕೊಂಡು ಹೊರಟ ಹಾಗೆ ಕಾಣುತ್ತಿತ್ತು.

ವೀರಣ್ಣ ಗದಗದ ಕಡೆಯವರು. ಸೇತುವೆಗಳ ಲೆಕ್ಕ ನೋಡುವ ಇಂಜಿನಿಯರು. ಲಗೋರಿ ಬಿಟ್ಟರೆ ಬೇರೆ ಚೆಂಡಾಟ ಕಾಣದ ಈ ಮನುಷ್ಯನನ್ನು ನಡುವಯಸ್ಸು ದಾಟಿದ ಮೇಲೆ ಗಾಲ್ಫಿಗೆ ಎಳೆದುಕೊಂಡು ಹೋದವರು ತ್ಯಾಗರಾಜರೇ. ಶನಿವಾರ ಬಂತೆಂದರೆ ಇಬ್ಬರೂ ಕೌಂಟಿಯ ಗಾಲ್ಫ್ ಕೋರ್ಸಿನಲ್ಲಿ. ಆಡಿದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಹಿಂದೆ ಕಾದು ನಿಂತ ಅಮೆರಿಕನ್ನರು ಇವರ ಮಾತು ಮುಗಿಯುವ ಹೊತ್ತಿಗೆ ಅರ್ಧ ಕನ್ನಡ ಕಲಿತಿದ್ದರು ಎಂದು ಆ ಕಡೆ ಈಗಲೂ ಹೇಳುತ್ತಾರೆ.

ಆಮೇಲೆ ತ್ಯಾಗರಾಜರ ಬೆನ್ನುಮೂಳೆಗೆ ಆಪರೇಷನ್ ಆಯಿತು. ಎದ್ದು ಓಡಾಡಿದರು, ಆದರೆ ಗೊನೆ ಬಂದ ಬಾಳೆಗಿಡದ ಹಾಗೆ ಮುಂದಕ್ಕೆ ಬಾಗಿಬಿಟ್ಟರು. ನಾರ್ತ್ ಕೆರೊಲೈನಾದ ಮಾರಿಸ್‌ವಿಲ್‌ನಲ್ಲಿ ಮಗನಿದ್ದ, ಅಲ್ಲಿಗೆ ಮನೆ ಬದಲಾಯಿಸಿದರು. ಹೊರಡುವ ದಿನ ತಮ್ಮ ಡ್ರೈವರನ್ನು ತಂದು ವೀರಣ್ಣನ ಕೈಗಿಟ್ಟರು. ಡ್ರೈವರ್ ಎಂದರೆ ಗಾಲ್ಫ್ ಚೀಲದ ಅತಿ ಉದ್ದದ ಕೋಲು, ಮೊದಲ ಹೊಡೆತಕ್ಕೆ ಚೆಂಡನ್ನು ಊರಾಚೆ ಕಳಿಸುವುದಕ್ಕೆ. ತ್ಯಾಗರಾಜರದು ಆ ವರ್ಷಗಳಲ್ಲಿ ಹೊಸದಾಗಿ ಬಂದಿದ್ದ ಟೈಟೇನಿಯಂ ತಲೆಯದು, ಬೇಲದ ಹಣ್ಣಿನಷ್ಟು ದಪ್ಪ.

"ಇನ್ನು ನನ್ನ ಕೈಲಾಗಲ್ಲ ವೀರಣ್ಣೋರೆ. ಮೂಲೇಲಿಟ್ಟು ತುಕ್ಕು ಹಿಡಿಸೋದು ಬೇಡ. ನೀವು ಹೊಡೀರಿ. ಭಾನುವಾರ ಫೋನ್ ಮಾಡಿ, ಎಷ್ಟು ದೂರ ಹೋಯ್ತು ಅಂತ ಹೇಳಿ. ನಾನೇ ಹೊಡೆದ ಹಾಗೆ."

ಟೈಟೇನಿಯಂಗೆ ತುಕ್ಕು ಹಿಡಿಯುವುದಿಲ್ಲ ಎಂಬ ಮಾತು ಇಂಜಿನಿಯರ್ ವೀರಣ್ಣನ ನಾಲಿಗೆಯ ತುದಿಗೆ ಬಂದಿತ್ತು. ಗೆಳೆಯನ ಕಣ್ಣು ನೋಡಿ ನುಂಗಿಕೊಂಡರು.

ಆರಡಿ ಆಳಿನ ಕೋಲು ಐದಡಿಯವನ ಕೈಗೆ ಬಂದರೆ ಏನಾಗಬೇಕೋ ಅದೇ ಆಯಿತು. ಅಪ್ಪನ ಚಪ್ಪಲಿ ಮೆಟ್ಟಿದ ಕೂಸಿನ ಹಾಗೆ ವೀರಣ್ಣ ಅದನ್ನು ಹಿಡಿದು ತಡವರಿಸಿದರು. ಹೊಡೆದ ಚೆಂಡೆಲ್ಲ ಅರ್ಧ ದಾರಿ ನೇರ ಹೋಗಿ, ಏನೋ ಮರೆತು ಬಂದವರ ಹಾಗೆ ಬಲಕ್ಕೆ ಹೊರಳಿ ಕಾಡಿಗೆ ಬೀಳುತ್ತಿತ್ತು. ಆ ಕಾಡಿನ ಅಳಿಲುಗಳು ಶನಿವಾರ ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡೇ ಓಡಾಡುತ್ತಿದ್ದವು. ಸುಳ್ಳು ಎನ್ನುವವರು ಹೋಗಿ ಅಳಿಲುಗಳನ್ನೇ ವಿಚಾರಿಸಬಹುದು.

ಆದರೆ ಭಾನುವಾರದ ಫೋನಿನಲ್ಲಿ ಕಥೆ ಬೇರೆ.

"ನಿನ್ನಿ ಒಂದ್ ಹೊಡ್ತ ಬಿತ್ ನೋಡ್ರಿ ಸರ, ಚೆಂಡು ಹೋಗಿ ಮೋಡದಾಗ ಹೊಕ್ತು. ನಾವು ಚಾ ಕುಡದ್ ಬರೂತನಕಾ ಕೆಳಗ ಬರ್ಲಿಲ್ಲ."

"ಅಯ್ಯೋ ನಗಿಸ್ಬೇಡ್ರಿ, ಬೆನ್ನು ನೋವತ್ತೆ. ಆಮೇಲೆ?"

"ಆಮ್ಯಾಲೆ ಏನ್ರಿ, ಬಂದಾಗ ಒದ್ದಿ ಆಗಿತ್ತು. ಒರಸಿ ಆಡಿದ್ವಿ."

ತ್ಯಾಗರಾಜರ ನಗೆ ಮಾರಿಸ್‌ವಿಲ್‌ನಿಂದ ತಂತಿಯೊಳಗೆ ಉರುಳಿ ಬರುತ್ತಿತ್ತು. ಆಪರೇಷನ್ ಆದಮೇಲೆ ವಾರಕ್ಕೊಮ್ಮೆ ಅಪ್ಪ ನಗುವುದು ಆ ಫೋನಿನಲ್ಲಿ ಮಾತ್ರ ಎಂದು ಅವರ ಮಗ ಒಮ್ಮೆ ಹೇಳಿದ್ದ. ಆ ಮಾತು ಕಿವಿಗೆ ಬಿದ್ದ ಮೇಲೆ ವೀರಣ್ಣನ ಚೆಂಡು ವಾರದಿಂದ ವಾರಕ್ಕೆ ಇನ್ನಷ್ಟು ದೂರ ಹೋಗತೊಡಗಿತು, ಫೋನಿನಲ್ಲಿ.

ಶನಿವಾರದ ಆಟಕ್ಕೆ ಈಗ ಜೊತೆಗಾರ ಕೃಷ್ಣಪ್ರಸಾದ. ಬೆಂಗಳೂರಿನವನು, ಕಂಪ್ಯೂಟರ್ ಕೆಲಸ, ಬಾಯಿ ಸ್ವಲ್ಪ ಜೋರು.

"ಅಂಕಲ್, ಆ ಡ್ರೈವರ್ ನಿಮಗಿಂತ ಉದ್ದ ಇದೆ. ಅದು ನಿಮ್ಮನ್ನ ಸ್ವಿಂಗ್ ಮಾಡ್ತಿದೆ. ಪ್ರಾಕ್ಟೀಸ್ ಮಾಡೋ ರೇಂಜ್ ಹಿಂದೆ ವಾಲ್ಟ್ ಅಂತ ಇದಾನೆ, ಮೈ ಅಳತೆ ತಗೊಂಡು ಫಿಟ್ ಮಾಡ್ಕೊಡ್ತಾನೆ. ಹೋಗ್ಬನ್ನಿ."

"ಕುಣೀಲಾರದಾಕಿ ನೆಲಾ ಡೊಂಕು ಅಂದ್ಳಂತ. ಕೋಲಿಂದೇನ್ ತಪ್ಪೋ ತಮ್ಮಾ? ಕೈ ನಂದು ಸುಮಾರು."

ಬಾಯಿಗೆ ಗಾದೆ ಬಂತು. ಮನಸ್ಸಿನಲ್ಲಿ ಇದ್ದದ್ದು ಬೇರೆ. ಗೆಳೆಯ ತನ್ನ ಕೈಯ ಆಟವನ್ನೇ ಕೊಟ್ಟು ಹೋಗಿದ್ದಾನೆ. ಅದಕ್ಕೆ ಗರಗಸ ಹಾಕುವುದು ಹೇಗೆ?

ತೊಂಬತ್ತೇಳರ ದಸರೆಯ ಮುಂಚಿನ ಭಾನುವಾರ ತ್ಯಾಗರಾಜರೇ ಫೋನ್ ಮಾಡಿದರು. "ಈ ಸಲ ದೀಪಾವಳಿ ಪ್ರೋಗ್ರಾಂಗೆ ಕೊಲಂಬಿಯಾಕ್ಕೆ ಬರ್ತಿದೀವಿ ಕಣ್ರಿ. ಶನಿವಾರ ನಿಮ್ಮನೇಲಿ ಊಟ. ಭಾನುವಾರ ನಾನೂ ನಿಮ್ಮ ಜೊತೆ ಕೋರ್ಸಿಗೆ. ಕಾರ್ಟಲ್ಲಿ ಕೂತಿರ್ತೀನಿ. ಆ ಮೋಡಕ್ಕೆ ಹೋಗೋ ಹೊಡೆತ ಒಂದು ಕಣ್ಣಾರೆ ನೋಡ್ಬೇಕು."

ವೀರಣ್ಣನಿಗೆ ಸುಳ್ಳು ಬಯಲಾಗುವುದರ ಚಿಂತೆ ಅಷ್ಟಿರಲಿಲ್ಲ, ಅಂಥ ಸುಳ್ಳನ್ನು ಹೇಳುವವನೂ ನಂಬುವುದಿಲ್ಲ, ಕೇಳುವವನೂ ನಂಬುವುದಿಲ್ಲ. ಆದರೆ ತಾವು ಕೊಟ್ಟ ಕೋಲು ವಾರವಾರವೂ ಕಾಡಿಗೆ ಚೆಂಡು ಎಸೆಯುತ್ತಿದೆ ಎಂದು ಅವರು ಕಣ್ಣಾರೆ ಕಂಡರೆ? ಇನ್ನು ಮುಂದೆ ಯಾವ ಭಾನುವಾರ "ಆಮೇಲೆ?" ಎಂದು ಕೇಳುತ್ತಾರೆ?

ಅದಾದ ಮೇಲೆ ವೀರಣ್ಣನಿಗೆ ರೊಟ್ಟಿ ರುಚಿಸಲಿಲ್ಲ. ಹೆಂಡತಿ ಶಾಂತವ್ವ ನೋಡುವಷ್ಟು ನೋಡಿ ತೀರ್ಪು ಕೊಟ್ಟರು. "ಆ ಕೋಲಿಗೆ ದೃಷ್ಟಿ ತಾಗೇತಿ."

ಮಹಾನವಮಿಯ ಸಂಜೆ ಗರಾಜಿನಲ್ಲಿ ಆಯುಧ ಪೂಜೆ. ಕಾರು, ಹುಲ್ಲು ಕತ್ತರಿಸುವ ಯಂತ್ರ, ಹೊಲಿಗೆ ಮಷೀನು, ಕುಕ್ಕರು ಎಲ್ಲ ಸಾಲಾಗಿ ಕೂತಿದ್ದವು. ಪ್ರತಿ ವರ್ಷ ಗಾಲ್ಫ್ ಚೀಲಕ್ಕೆ ಮೇಲೊಂದು ಬೊಟ್ಟು ಇಟ್ಟು ಮುಗಿಸುತ್ತಿದ್ದ ಶಾಂತವ್ವ ಈ ಸಲ ಡ್ರೈವರನ್ನು ಹೊರಗೆಳೆದು, ಚೆಂಡಿಗೆ ತಾಗುವ ಮುಖದ ಉದ್ದಕ್ಕೂ ನೀರಲ್ಲಿ ಕಲಸಿದ ವಿಭೂತಿಯ ಮೂರು ಪಟ್ಟೆ ಎಳೆದು, ನಟ್ಟನಡುವೆ ಕುಂಕುಮ ಇಟ್ಟರು. ಊದಿನಕಡ್ಡಿ ಬೆಳಗಿ, ನಿಂಬೆಹಣ್ಣು ನಿವಾಳಿಸಿ ಒಗೆದರು.

"ನಾಳೆ ಆಡೂಮುಂದ ಇದನ್ನ ಒರಸಿದ್ರ ನೋಡ್ರಿ ಮತ್ತ!"

ಹೊಡೆದಾಗಲೆಲ್ಲ ಟವೆಲ್ಲಿನಿಂದ ಕೋಲು ಒರೆಸುವುದು ವೀರಣ್ಣನ ಅಭ್ಯಾಸ. ಮರುದಿನ ಟವೆಲ್ಲು ಮುಟ್ಟಲಿಲ್ಲ. ಕೃಷ್ಣಪ್ರಸಾದ ವಿಭೂತಿ ಕಂಡು, "ಅಂಕಲ್, ಇವತ್ತು ಡ್ರೈವರ್ ಮಠಕ್ಕೆ ಹೋಗಿ ಬಂದಿದೆಯಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಚೆಂಡುಗಳು ಎಂದಿನಂತೆ ಕಾಡಿಗೆ ಹೋದವು. ದೃಷ್ಟಿ ಇಳಿದ ಲಕ್ಷಣ ಕಾಣಲಿಲ್ಲ.

ಸಂಜೆ ಶಾಂತವ್ವ ಗರಾಜಿನಿಂದಲೇ ಕೂಗಿದರು. "ಏನ್ರಿ, ಇವತ್ತ ಇದನ್ನ ಹೊಡೀಲೇ ಇಲ್ಲೇನು?"

"ದಿನಾ ಪೂರ್ತಿ ಹೊಡದೀನಲ್ಲ!"

"ಮತ್ತ ಕುಂಕುಮ ಇದ್ದಂಗ ಐತಿ?"

ವೀರಣ್ಣ ಬಂದು ದೀಪದ ಕೆಳಗೆ ನೋಡಿದರು. ಕುಂಕುಮದ ಬೊಟ್ಟು ಹಚ್ಚಿದ ಹಾಗೆ ಇದೆ. ವಿಭೂತಿಯ ಪಟ್ಟೆಗಳೂ ಮೂರು ಪಾಲು ಹಾಗೇ ಇವೆ. ಅಳಿಸಿಹೋಗಿದ್ದದ್ದು ಕೋಲು ತಲೆಗೆ ಸೇರುವ ಮೂಲೆಯ ಹತ್ತಿರ, ತಲೆಯ ಹಿಮ್ಮಡಿ ಎನ್ನಬಹುದಾದ ಜಾಗದಲ್ಲಿ, ರೂಪಾಯಿಯಗಲ ಒಂದೇ ಕಡೆ. ಹೊಡೆದ ಹೊಡೆತವೆಲ್ಲ ಅಲ್ಲೇ ಬಿದ್ದಿದೆ, ನಡುವಿಗೆ ಒಂದೂ ಇಲ್ಲ. ಕೈಯ ತಪ್ಪಾಗಿದ್ದರೆ ಗುರುತು ಮುಖದ ತುಂಬ ಚೆದುರಬೇಕಿತ್ತು. ಸೇತುವೆ ಒಂದೇ ಕಡೆ ಬಿರುಕು ಬಿಟ್ಟರೆ ಅದು ಗಾರೆಯವನ ಕೈತಪ್ಪಲ್ಲ, ಅಳತೆಯ ತಪ್ಪು. ಅಷ್ಟು ಅವರಿಗೆ ಗೊತ್ತಿತ್ತು.

"ನೆಲಾನೂ ಒಮ್ಮೊಮ್ಮೆ ಡೊಂಕಿರ್ತೈತಿ ನೋಡ," ಎಂದರು.

"ನಮ್ಮವ್ವನ ಕುಪ್ಪಸ ನಾ ತೊಟ್ಟರ ತೋಳು ಎಲ್ಲಿ ಬರ್ತೈತಿ? ಇದೂ ಹಂಗ. ಅಳತಿ ಕೊಟ್ಟ ಬರ್ರಿ, ಸುಮ್ನ."

ವಾಲ್ಟನ ಅಂಗಡಿ ಒಂದು ತಗಡಿನ ಶೆಡ್ಡು. ಅವನು ವೀರಣ್ಣನನ್ನು ಕೈ ಇಳಿಬಿಟ್ಟು ನಿಲ್ಲಿಸಿ, ದರ್ಜಿಯ ಹಾಗೆ ಟೇಪು ಹಿಡಿದು ಮಣಿಕಟ್ಟಿನಿಂದ ನೆಲದ ತನಕ ಅಳೆದ. ಈ ಸಲ ವೀರಣ್ಣ ಉಸಿರು ಎಳೆದುಕೊಳ್ಳಲಿಲ್ಲ. ವಾಲ್ಟ್ ಬೆರಳಿನ ಉದ್ದ ನೋಡಿ ಹಿಡಿ ತೆಳ್ಳಗಾಗಬೇಕು ಎಂದ. ಬೇರೆ ಬೇರೆ ಕೋಲು ಕೊಟ್ಟು ಹೊಡೆಸಿದ. ನೆಲದ ಮೇಲಿನ ಪುಟ್ಟ ಪೆಟ್ಟಿಗೆ ಹೊಡೆತದ ವೇಗ ತೋರಿಸುತ್ತಿತ್ತು. ಪ್ರತಿ ಕೋಲಿನ ಮುಖಕ್ಕೂ ಒಂದು ಪಟ್ಟಿ ಅಂಟಿಸಿ ಚೆಂಡಿನ ಗುರುತು ನೋಡುತ್ತಿದ್ದ. ಇದನ್ನು ನಮ್ಮ ಮನೆಯಲ್ಲಿ ವಿಭೂತಿಯಲ್ಲೇ ನೋಡಿದ್ದೇವೆ ಎಂದು ವೀರಣ್ಣ ಹೇಳಿದರು. ವಾಲ್ಟ್ ಆ ಪುಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದ.

ಕೊನೆಗೆ ಅವನು ಹೇಳಿದ್ದು ಇಷ್ಟು. ತಲೆ ಒಳ್ಳೆಯದು, ಇರಲಿ. ಕೋಲು ಮಾತ್ರ ಮರ ಕಡಿಯುವ ಆಳಿಗೆ ಮಾಡಿದ್ದು, ಉದ್ದ ಮತ್ತು ಬಿಗಿ. ನಿಮಗೆ ಗಿಡ್ಡದು, ಸ್ವಲ್ಪ ಬಳುಕುವುದು ಬೇಕು, ಸೀನಿಯರುಗಳದ್ದು.

ಆಫೀಸಿನಲ್ಲಿ ಸೀನಿಯರ್ ಎನ್ನಿಸಿಕೊಳ್ಳಲು ವರ್ಷಗಟ್ಟಲೆ ಕಾದವರು, ಇಲ್ಲಿ ಪುಕ್ಕಟೆ ಸಿಕ್ಕಿದರೆ ಮುಖ ಹುಳಿ ಮಾಡಿಕೊಂಡರು. ಆದರೆ ಗರಗಸದ ಮಾತಿರಲಿಲ್ಲ. ಬಿಸಿ ಮಾಡಿದರೆ ಅಂಟು ಬಿಡುತ್ತದೆ, ಹಳೆಯ ಕೋಲು ತಲೆಯಿಂದ ಇಡಿಯಾಗಿ ಹೊರಬರುತ್ತದೆ, ಅದೇ ತಲೆಗೆ ಹೊಸದನ್ನು ಕೂರಿಸುತ್ತೇನೆ ಎಂದ ವಾಲ್ಟ್. ಅವನು ಆ ಕೆಲಸ ಮುಗಿಸುವವರೆಗೂ ವೀರಣ್ಣ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಗೆಳೆಯನ ಬೆನ್ನಿನ ಆಪರೇಷನ್ ದಿನವೂ ಹೀಗೇ ಒಂದು ಬೆಂಚಿನ ತುದಿಯಲ್ಲಿ ಕೂತಿದ್ದರು.

ಹೊಸ ಕೋಲಿನ ಮೊದಲ ಹೊಡೆತದ ಸದ್ದೇ ಬೇರೆ. ಇಷ್ಟು ದಿನ ತಗಡಿನ ಡಬ್ಬಿ ಬಡಿದ ಹಾಗಿತ್ತು, ಇದು ತಾಮ್ರದ ಕೊಡಕ್ಕೆ ಬೆರಳು ಮೀಟಿದ ಹಾಗೆ. ಚೆಂಡು ನೇರ ಹೋಯಿತು. ತುಂಬ ದೂರವಲ್ಲ. ನೇರ.

ಹಳೆಯ ಕೋಲನ್ನು ವೀರಣ್ಣ ಬಟ್ಟೆ ಸುತ್ತಿ ಗರಾಜಿನ ಮೂಲೆಯಲ್ಲಿಟ್ಟರು. ದೀಪಾವಳಿಗೆ ಮನೆ ಗುಡಿಸಲು ಹೊರಟ ಶಾಂತವ್ವನ ಕಣ್ಣಿಗೆ ಅದು ಬಿತ್ತು. ಹಗುರ, ಉದ್ದ, ಗಟ್ಟಿ. ಬಾಗಿಲೊಳಗಿನ ಎತ್ತರದ ಚಾವಣಿಗೆ ಇಂಥದೇ ಒಂದು ಬೇಕಿತ್ತು. ತುದಿಗೆ ಕುಂಚ ಕಟ್ಟಿ ಜೇಡರ ಬಲೆಯನ್ನೆಲ್ಲ ತೆಗೆದು, ಅಲ್ಲೇ ಗೋಡೆಗೆ ಒರಗಿಸಿ ಅಡುಗೆಮನೆಗೆ ಹೋದರು.

ಶನಿವಾರ ತ್ಯಾಗರಾಜರು ಬಾಗಿಲಿಗೆ ಬಂದು, ಬಗ್ಗಿದ ಬೆನ್ನಿನಲ್ಲೇ ಶೂ ಬಿಚ್ಚಲು ಆಸರೆಗೆ ಕೈ ಚಾಚಿದರು. ಕೈಗೆ ಸಿಕ್ಕಿದ್ದು ಆ ಕೋಲು. ಹಿಡಿಯ ಮೇಲೆ ಅವರದೇ ಹೆಬ್ಬೆರಳು ಸವೆಸಿದ ಕುಳಿ.

"ಇದು ನನ್ನ ಕೋಲಲ್ವಾ ವೀರಣ್ಣೋರೆ?"

ವೀರಣ್ಣ ವಿಭೂತಿಯಿಂದ ವಾಲ್ಟನ ತನಕ ಒಂದೇ ಉಸಿರಿಗೆ ಹೇಳಿದರು. ಕಾಡಿನ ವಿಷಯವನ್ನೂ ಮುಚ್ಚಿಡಲಿಲ್ಲ. ಶಾಂತವ್ವ ಲಟ್ಟಣಿಗೆ ಹಿಡಿದೇ ಬಂದು, "ಕುಂಚಾ ಕಟ್ಟಿದ್ದು ನಾನ್ರಿ ಅಣ್ಣಾರ, ಅವ್ರಿಗೆ ಗೊತ್ತಿಲ್ಲ," ಎಂದರು.

ತ್ಯಾಗರಾಜರು ಕುಂಚ ನೋಡಿದರು, ಚಾವಣಿ ನೋಡಲು ಆಗಲಿಲ್ಲ. "ಓಹೋ," ಎಂದರು. "ಊಟಕ್ಕೆ ಏನು ಮಾಡಿದೀರಿ ಶಾಂತಮ್ಮಾ?"

ಊಟಕ್ಕೆ ಕೂತ ತ್ಯಾಗರಾಜರು ಎಣ್ಣೆಗಾಯಿ ಚೆನ್ನಾಗಿದೆ ಎಂದರು, ಅಷ್ಟೆ. ಭಾನುವಾರದ ಫೋನು ಇನ್ನಿಲ್ಲ ಎಂದು ವೀರಣ್ಣ ಮನಸ್ಸಿನಲ್ಲೇ ಬರೆದುಕೊಂಡರು.

ಮರುದಿನ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ, ಆಕಾಶ ತಿಳಿ. ಕೃಷ್ಣಪ್ರಸಾದ ಕಾರ್ಟ್ ಓಡಿಸಿದ. ತ್ಯಾಗರಾಜರು ಶಾಲು ಹೊದ್ದು ಪಕ್ಕದಲ್ಲಿ ಕೂತಿದ್ದರು. ವೀರಣ್ಣ ಚೆಂಡಿಟ್ಟು, ಒಳಗೊಳಗೇ ಶಿವನನ್ನು ನೆನೆದು, ಹೊಡೆದರು. ಚೆಂಡು ಒಂದಾಳೆತ್ತರ ಏರಿ, ಯಾರ ಗೊಡವೆಗೂ ಹೋಗದೆ ನೇರ ಹುಲ್ಲಿನ ನಡುವೆ ಇಳಿಯಿತು.

"ಇಷ್ಟೇನಾ?" ಎಂದರು ತ್ಯಾಗರಾಜರು. "ಮೋಡ ಎಲ್ಲಿ?"

"ಇವತ್ತ ಮೋಡನ ಇಲ್ಲಲ್ರಿ ಸರ," ಎಂದರು ವೀರಣ್ಣ, ಮೇಲೆ ತೋರಿಸಿ.

ನಿನ್ನೆಯಿಂದ ಕಟ್ಟಿಕೊಂಡಿದ್ದ ನಗೆ ತ್ಯಾಗರಾಜರಲ್ಲಿ ಒಡೆಯಿತು. ನಗುತ್ತಲೇ ಕಾರ್ಟಿನಿಂದ ಇಳಿದರು. "ಕೊಡಿ ಇಲ್ಲಿ."

"ಅಂಕಲ್, ಬೆನ್ನು..." ಎಂದ ಕೃಷ್ಣಪ್ರಸಾದ.

"ಡಾಕ್ಟರು ನಿಧಾನವಾಗಿ ಆಡಬಹುದು ಅಂತ ಯಾವಾಗಲೋ ಹೇಳಿದಾರಪ್ಪ. ಮಗನ ಡ್ರೈವರ್ ತಗೊಂಡು ರೇಂಜಿಗೂ ಹೋಗಿದ್ದೆ. ಕೋಲು ಎತ್ತೋಕೇ ಆಗ್ಲಿಲ್ಲ, ಚೆಂಡಿಗಿಂತ ಮೊದಲೇ ನೆಲ ಕೆರೀತು. ಬೆನ್ನು ಹೋಯ್ತು, ಆಟ ಹೋಯ್ತು ಅಂತ ಬಿಟ್ಟುಬಿಟ್ಟೆ."

ವೀರಣ್ಣ ಕೋಲು ಕೊಟ್ಟರು. ಬಾಗಿದ ಬೆನ್ನಿನ ತ್ಯಾಗರಾಜರ ಕೈಗಳು ಈಗ ಇಳಿದು ನಿಲ್ಲುವುದು ಹೆಚ್ಚುಕಡಿಮೆ ವೀರಣ್ಣನ ಕೈ ನಿಲ್ಲುವ ಎತ್ತರಕ್ಕೇ. ಐದಡಿಯವನಿಗೆ ಹೊಲಿದ ಕೋಲು ಅವರ ಕೈಯಲ್ಲಿ ತಡವರಿಸದೆ ಕೂತಿತು. ನಿಧಾನವಾಗಿ ಅರ್ಧ ಎತ್ತಿದರು, ಬಿಟ್ಟರು. ತಾಮ್ರದ ಕೊಡ ಮೀಟಿತು. ಚೆಂಡು ವೀರಣ್ಣನ ಚೆಂಡಿನ ಹಿಂದೆಯೇ ಹೋಗಿ ಮಲಗಿತು.

ತ್ಯಾಗರಾಜರು ಕೋಲನ್ನು ತಿರುಗಿಸಿ ಮುಖ ನೋಡಿದರು. ಚೆಂಡಿನ ಇಬ್ಬನಿಯ ಗುರುತು ನಟ್ಟನಡುವೆ ಬಿದ್ದಿತ್ತು.

"ಬೆನ್ನು ಹೋಗಿರಲಿಲ್ಲ ಕಣ್ರಿ," ಎಂದರು. "ಅಳತೆ ಹೋಗಿತ್ತು." ಆಮೇಲೆ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡು, "ಚಳಿ," ಎಂದರು.

"ಇಬ್ಬರೂ ಇದರಾಗ ಆಡೂಣ್ರಿ."

"ರೂಲ್ಸ್ ಒಪ್ಪಲ್ಲ ಅಂಕಲ್," ಎಂದ ಕೃಷ್ಣಪ್ರಸಾದ. "ಒಬ್ಬರ ಕ್ಲಬ್ ಇನ್ನೊಬ್ಬರು ಆಡೋ ಹಾಗಿಲ್ಲ."

"ಹಾಗಾದ್ರೆ ಆ ವಾಲ್ಟ್ ಎಲ್ಲಿದಾನೆ ತೋರಿಸಪ್ಪ. ಹಳೇ ಕೋಲು ಶಾಂತಮ್ಮನ ಹತ್ರವೇ ಇರ್ಲಿ, ಚಾವಣಿ ಅಳತೆಗೆ ಸರಿಯಾಗಿದೆ."

ಸೋಮವಾರ ಹೊರಡಬೇಕಿದ್ದವರು ಒಂದು ದಿನ ಉಳಿದು, ಕೈ ಇಳಿಬಿಟ್ಟು ನಿಂತು ಅಳತೆ ಕೊಟ್ಟು, ಬಾಗಿದ ಮೈಗೆ ಒಪ್ಪುವ ಡ್ರೈವರ್ ಹಿಡಿದುಕೊಂಡೇ ಮಾರಿಸ್‌ವಿಲ್‌ಗೆ ಹೋದರು.

ಮುಂದಿನ ಭಾನುವಾರ ವೀರಣ್ಣ ಫೋನಿಗೆ ಕೈ ಚಾಚುವ ಮೊದಲೇ ಅದು ಹೊಡೆದುಕೊಂಡಿತು.

"ವೀರಣ್ಣೋರೆ, ನಿನ್ನೆ ರೇಂಜಲ್ಲಿ ಒಂದು ಹೊಡೆದೆ ನೋಡಿ. ಪಕ್ಕದಲ್ಲೇ ಏರ್‌ಪೋರ್ಟಲ್ವಾ, ಇಳೀತಿದ್ದ ಪ್ಲೇನು ನನ್ನ ಚೆಂಡಿಗೆ ದಾರಿ ಬಿಟ್ಟು ಇನ್ನೊಂದು ಸುತ್ತು ಹೋಯ್ತು. ಪೈಲಟ್ ಕಿಟಕಿಯಿಂದ ಕೈ ಬೀಸಿದ."

ವೀರಣ್ಣ ಕುರ್ಚಿ ಎಳೆದುಕೊಂಡು ಕಾಲು ಚಾಚಿ ಕೂತರು.

"ಆಮ್ಯಾಲೆ?" ಎಂದರು.